ಕುಂಕುಮ, ಕಾಡಿಗೆ ಮತ್ತು ಕಾನೂನು

ಕುಂಕುಮವೆಂಬ ಶಬ್ದಕ್ಕೆ ಸಂಸ್ಕೃತ ಕೋಶಗಳು ಹೇಳುವ ಅರ್ಥ ಕೇಸರಿ. ಕಾಶ್ಮೀರದ ಹೂವಿನೊಳಗಿನ ಕೆಂಪು ಎಳೆಗಳಿಗೆ ಸಲ್ಲುತ್ತಿದ್ದ ಹೆಸರದು. ಬೆಲೆಬಾಳುವ ಆ ವಸ್ತುವು ಅರಮನೆಗೆ ನಿಲುಕಬಹುದಾಗಿತ್ತೇ ಹೊರತು ಒಕ್ಕಲಿಗನ ಮನೆಗಲ್ಲ. ಆದುದರಿಂದ ಅರಿಷಿಣದ ಕೊಂಬನ್ನು ಬಿಳಿಗಾರ, ಪಟಿಕ, ನಿಂಬೆಯ ರಸಗಳಲ್ಲಿ ನೆನೆಯಿಸಿ, ಒಣಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡಿದ ಕೆಂಪು ಪುಡಿಗೆ ನಮ್ಮ ಜನರು ಅದೇ ಹೆಸರನ್ನಿತ್ತರು. ಅದರಲ್ಲಿ ವಂಚನೆಯಿರಲಿಲ್ಲ, ಮಾಡುವವಳಿಗೂ ಹಚ್ಚಿಕೊಳ್ಳುವವಳಿಗೂ ಅದು ಅರಿಷಿಣವೆಂಬುದು ತಿಳಿದಿತ್ತು. ಈಚಿನ ದಶಕಗಳಲ್ಲಿ ಮೂರನೆಯದೊಂದು ವಸ್ತು ಬಂದು ಸೇರಿದೆ. ಹಿಟ್ಟಿಗೋ ಕಲ್ಲಿನ ಪುಡಿಗೋ ಕಾರ್ಖಾನೆಯ ಬಣ್ಣವನ್ನು ಬೆರೆಸಿದ ಈ ಪುಡಿಯೂ ಜಾತ್ರೆಯ ಅಂಗಡಿಗಳಲ್ಲಿ ಕುಂಕುಮವೆಂದೇ ಮಾರಾಟವಾಗುತ್ತದೆ. ಪದ ಒಂದು, ಪದಾರ್ಥ ಮೂರು. ಮೂರನೆಯ ಪದಾರ್ಥದೊಳಗೆ ಏನಿದೆಯೆಂಬುದು ಕೊಳ್ಳುವವಳಿಗೆ ತಿಳಿಯದು, ಎಷ್ಟೋ ವೇಳೆ ಮಾರುವವನಿಗೂ ತಿಳಿಯದು.

ಸಿಂದೂರದ ಮಾತು ಇನ್ನೂ ವಿಚಿತ್ರವಾಗಿದೆ. ಅಮರಕೋಶವು ಸಿಂದೂರಕ್ಕೆ ನಾಗಸಂಭವವೆಂಬ ಪರ್ಯಾಯವನ್ನು ಕೊಡುತ್ತದೆ. ಇಲ್ಲಿ ನಾಗವೆಂದರೆ ಸರ್ಪವಲ್ಲ, ಸೀಸ. ಸೀಸವನ್ನು ಸುಟ್ಟು ಪಡೆದ ಕೆಂಪು ಭಸ್ಮವೇ ಸಿಂದೂರವೆಂಬುದನ್ನು ನಮ್ಮ ಹಿರಿಯರು ಹೆಸರಿನಲ್ಲಿಯೇ ಹೇಳಿಟ್ಟಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಚೀಟಿ ಅಂಟಿಸಿದ ಹಾಗೆ. ಇಂದಿನ ಸಿಂದೂರದ ಡಬ್ಬಿಗಳಲ್ಲಿ ಅನೇಕವು ಸೀಸವಿಲ್ಲದ ಬಣ್ಣದಿಂದ ಮಾಡಿದವು, ಕೆಲವು ಹಾಗಲ್ಲ. ಕಣ್ಣಿಗೆ ಎರಡೂ ಒಂದೇ ಕೆಂಪು. ಈ ಭೇದವನ್ನು ತಿಳಿಯುವ ಉಪಾಯವೇನು, ಆ ಉಪಾಯಕ್ಕೆ ತಗಲುವ ವೆಚ್ಚವೆಷ್ಟು, ಅದನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳೇ ಈ ಲೇಖನದ ವಿಷಯ. ವ್ಯಾಕರಣ, ಛಂದಸ್ಸುಗಳನ್ನು ಬೋಧಿಸುವವನಿಗೆ ಈ ಗೊಡವೆಯೇಕೆಂದು ವಾಚಕರು ಕೇಳಬಹುದು. ನಮ್ಮ ಭಾಗದ ಸ್ತ್ರೀಶಕ್ತಿ ಸಂಘಗಳಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಹಲವರಿದ್ದಾರೆ. ಮನೆಯಲ್ಲಿ ಮಾಡಿದ ಕುಂಕುಮವನ್ನೂ ಕಾಡಿಗೆಯನ್ನೂ ಮಾರಲು ಪರವಾನಿಗೆ ಬೇಕೇ, ಬೇಕಾದರೆ ಏಕೆ ಎಂದು ಅವರಲ್ಲಿ ಕೆಲವರು ಕೇಳಿದರು. ಉತ್ತರವನ್ನು ಹುಡುಕುತ್ತ ಹೋದಾಗ ವಿಷಯವು ಶಬ್ದಶಾಸ್ತ್ರದಿಂದ ಬಹುದೂರವಿಲ್ಲವೆಂದು ಕಂಡುಬಂದಿತು.

ಪ್ರಸಾಧನ ದ್ರವ್ಯಗಳನ್ನು ಮಾಡುವ ವಿದ್ಯೆ ನಮ್ಮಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿಯು ಬರೆದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ಗಂಧಯುಕ್ತಿಗೆ ಒಂದು ಭಾಗವೇ ಮೀಸಲಾಗಿದೆ. ಮುಂದೆ ಅದೇ ವಂಶದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ವಿಲೇಪನಗಳೂ ರಾಜನ ಭೋಗಗಳಲ್ಲಿ ಗಣಿತವಾಗಿವೆ. ಆದರೆ ನಮ್ಮ ಪ್ರಕೃತಕ್ಕೆ ಹೆಚ್ಚು ಉಪಯುಕ್ತವಾದ ಮಾತು ಇರುವುದು ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ. ರಾಜನ ಆತ್ಮರಕ್ಷಣೆಯನ್ನು ಹೇಳುವ ಪ್ರಕರಣದಲ್ಲಿ, ಸ್ನಾನದ ಚೂರ್ಣ, ಲೇಪನ, ಸುಗಂಧಗಳನ್ನು ದಾಸಿಯರು ಮೊದಲು ತಮ್ಮ ಎದೆಗೂ ತೋಳಿಗೂ ಹಚ್ಚಿಕೊಂಡು ನೋಡಿ, ಆಮೇಲೆ ರಾಜನಿಗೆ ಒಪ್ಪಿಸಬೇಕೆಂದು ಅವನು ವಿಧಿಸುತ್ತಾನೆ. ಸುಶ್ರುತ ಸಂಹಿತೆಯ ಕಲ್ಪಸ್ಥಾನವೂ ವಿಷ ಬೆರೆತ ಅಭ್ಯಂಗದ ಎಣ್ಣೆ, ಅನುಲೇಪನ, ಅಂಜನಗಳ ಲಕ್ಷಣಗಳನ್ನು ಹೇಳುತ್ತದೆ.

ದಾಸಿಯ ತೋಳಿನ ಮೇಲೆ ನಡೆದ ಈ ಪರೀಕ್ಷೆಯನ್ನು ಕುರಿತು ಎರಡು ಮಾತುಗಳನ್ನು ಗಮನಿಸಬೇಕು. ಪರೀಕ್ಷೆಯ ಲಾಭ ರಾಜನಿಗೆ, ವೆಚ್ಚ ದಾಸಿಗೆ, ಇದು ಮೊದಲನೆಯದು. ಎರಡನೆಯದು, ಆ ಪರೀಕ್ಷೆಗೆ ಸಿಕ್ಕಿಬೀಳುವುದು ಶೀಘ್ರವಿಷ ಮಾತ್ರ. ಚರ್ಮ ಕೆಂಪಾದರೆ, ಬೊಬ್ಬೆಯೆದ್ದರೆ, ಉರಿ ಹತ್ತಿದರೆ ಅದು ತಿಳಿಯುತ್ತದೆ. ಹತ್ತು ವರ್ಷ ದಿನದಿನವೂ ಕಣಕಣವಾಗಿ ಮೈಗೆ ಸೇರುವ ವಿಷವು ಯಾವ ದಾಸಿಯ ತೋಳಿನಲ್ಲಿಯೂ ಒಂದು ದಿನದಲ್ಲಿ ಕಾಣಿಸಿಕೊಳ್ಳದು. “ನಮ್ಮ ಅಜ್ಜಿ ಹಚ್ಚಿಕೊಳ್ಳುತ್ತಿದ್ದಳು, ಅವಳಿಗೇನೂ ಆಗಲಿಲ್ಲ” ಎಂಬ ಮಾತಿಗೆ ಉತ್ತರವೂ ಇಲ್ಲಿಯೇ ಇದೆ. ಅಜ್ಜಿ ಹಚ್ಚಿಕೊಂಡದ್ದು ಎರಡನೆಯ ಪದಾರ್ಥ. ಮೊಮ್ಮಗಳು ಹಚ್ಚಿಕೊಳ್ಳುವುದು ಮೂರನೆಯದು. ಮೈಗೆ ಹಚ್ಚುವ ವಸ್ತುವಿನ ಪರೀಕ್ಷೆಯು ಎಂದಿಗೂ ತಪ್ಪುವುದಿಲ್ಲ. ಪ್ರಯೋಗಶಾಲೆಯಲ್ಲಿ ನಡೆಯದಿದ್ದರೆ ಅದು ಕೊಂಡವಳ ಮೈಮೇಲೆ ನಡೆಯುತ್ತದೆ. ನಿಯಮಗಳಿಂದ ವೆಚ್ಚ ಹುಟ್ಟುತ್ತದೆಂಬ ಆಕ್ಷೇಪವನ್ನು ಈ ದೃಷ್ಟಿಯಿಂದಲೇ ನೋಡಬೇಕು: ವೆಚ್ಚ ಮೊದಲೇ ಇತ್ತು, ನಿಯಮವು ಅದರ ಹೊರೆಯನ್ನು ಒಬ್ಬರ ಹೆಗಲಿನಿಂದ ಮತ್ತೊಬ್ಬರ ಹೆಗಲಿಗೆ ಸರಿಸುತ್ತದೆ.

ಇನ್ನು ಕಾನೂನಿನ ಮಾತು. 1940ರ ಅಧಿನಿಯಮವು ಮೊದಲು ಔಷಧಗಳಿಗೆ ಮಾತ್ರ ಸಂಬಂಧಿಸಿತ್ತು. 1962ರ ತಿದ್ದುಪಡಿಯಿಂದ ಕಾಂತಿವರ್ಧಕಗಳೂ ಅದರೊಳಗೆ ಬಂದವು. ಅದರ ಹೆಸರು ಔಷಧ ಮತ್ತು ಕಾಂತಿವರ್ಧಕ ಅಧಿನಿಯಮವೆಂದಾಯಿತು. ಆಗಿನ ಲಕ್ಷಣವಾಕ್ಯವು ಸಾಬೂನನ್ನು ಹೊರಗಿಟ್ಟಿತ್ತು. 1982ರ ತಿದ್ದುಪಡಿಯಲ್ಲಿ ಆ ಎರಡು-ಮೂರು ಶಬ್ದಗಳನ್ನು ಕಿತ್ತುಹಾಕಿದ ಮೇಲೆ ದೇಶದ ಸ್ನಾನದ ಸಾಬೂನೆಲ್ಲ ಒಮ್ಮೆಲೇ ಕಾಂತಿವರ್ಧಕವಾಯಿತು! ಶಾಸ್ತ್ರಕಾರರು ಲಕ್ಷಣದಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ ದೋಷಗಳಿಗೆ ಏಕೆ ಅಷ್ಟು ಹೆದರುತ್ತಿದ್ದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಕಾಂತಿವರ್ಧಕಗಳಿಗೆಂದೇ ಪ್ರತ್ಯೇಕ ನಿಯಮಾವಳಿಯನ್ನು 2020ರ ಡಿಸೆಂಬರ 15ರಂದು ಕೇಂದ್ರ ಸರ್ಕಾರವು ಪ್ರಕಟಿಸಿತು.

ಶುದ್ಧಿಗಾಗಿ, ಅಂದಕ್ಕಾಗಿ, ಆಕರ್ಷಣೆಯನ್ನು ಹೆಚ್ಚಿಸುವುದಕ್ಕಾಗಿ ಅಥವಾ ತೋರ್ಕೆಯನ್ನು ಬದಲಿಸುವುದಕ್ಕಾಗಿ ದೇಹಕ್ಕೆ ಉಜ್ಜುವ, ಸುರಿಯುವ, ಸಿಂಪಡಿಸುವ, ಹಚ್ಚುವ ವಸ್ತುವೆಂಬುದು ಆ ಲಕ್ಷಣದ ತಾತ್ಪರ್ಯ. ಇಲ್ಲಿ ಉದ್ದೇಶವೇ ಪ್ರಧಾನವೆಂಬುದನ್ನು ಗಮನಿಸಬೇಕು. ಹಾಗಾದರೆ ನಮ್ಮ ಅಷ್ಟಾವರಣಗಳಲ್ಲಿ ಒಂದಾದ ವಿಭೂತಿಯ ಗತಿಯೇನೆಂದು ಒಬ್ಬ ಶಿಕ್ಷಕ ಮಿತ್ರರು ಚೇಷ್ಟೆಯಿಂದ ಕೇಳಿದ್ದುಂಟು. ವಿಭೂತಿಯನ್ನು ಧರಿಸುವವನು ಅಂದಕ್ಕಾಗಿ ಧರಿಸುವುದಿಲ್ಲವಾದುದರಿಂದ ಅದು ಈ ಲಕ್ಷಣಕ್ಕೆ ಒಳಗಾಗದೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ತೂರುವ ಭಂಡಾರಕ್ಕೂ ಇದೇ ಮಾತು ಸಲ್ಲಬಹುದು. ಕುಂಕುಮವು ಮಾತ್ರ ಹೊಸ್ತಿಲ ಮೇಲೆ ನಿಂತಿದೆ: ಒಂದು ಕಾಲು ಜಗುಲಿಯಲ್ಲಿ, ಒಂದು ಕಾಲು ಕನ್ನಡಿಯ ಮುಂದೆ. ಭಾರತೀಯ ಮಾನಕ ಸಂಸ್ಥೆಯು ಕುಂಕುಮದ ಪುಡಿಗೂ ಕಾಡಿಗೆಗೂ ಪ್ರತ್ಯೇಕ ಮಾನಕಗಳನ್ನು ರಚಿಸಿದೆ. ಮನೆಯವರಿಗಾಗಿ ಮಾಡಿಕೊಳ್ಳುವ ಕುಂಕುಮದ ಗೊಡವೆಗೆ ಕಾನೂನು ಬರುವುದಿಲ್ಲ. ಮಾರಾಟಕ್ಕೆಂದು ತಯಾರಿಸಿದಾಗ ಪರವಾನಿಗೆ ಬೇಕು.

ನಿಯಮಗಳು ವಿಧಿಸುವ ಮಿತಿಗಳು ಮೊದಲ ನೋಟಕ್ಕೆ ಅಂಕಿಗಳ ಕಗ್ಗವಾಗಿ ತೋರುತ್ತವೆ. ಅವನ್ನು ನಮ್ಮ ಪೇಟೆಯ ತೂಕಕ್ಕೆ ಇಳಿಸಿ ನೋಡೋಣ. ಬಣ್ಣಕ್ಕಾಗಿ ಸೀಸ ಅಥವಾ ಪಾಷಾಣದ ಸಂಯುಕ್ತಗಳನ್ನು ಬಳಸುವುದೇ ನಿಷಿದ್ಧ. ಬಳಸುವ ಬಣ್ಣದಲ್ಲಿ ತಿಳಿಯದೆ ಉಳಿದ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 20 ಭಾಗಗಳನ್ನು ಮೀರಬಾರದು. ಎಂದರೆ ಒಂದು ಕ್ವಿಂಟಲ್ ಬಣ್ಣದಲ್ಲಿ ಎರಡು ಗ್ರಾಂ. ಪಾಷಾಣಕ್ಕೆ ಮಿತಿಯು ಅದರ ಹತ್ತರಲ್ಲಿ ಒಂದು. ಪಾದರಸದ ವಿಷಯದಲ್ಲಿ 2020ರ ನಿಯಮಾವಳಿಯು ಒಂದು ಸೂಕ್ಷ್ಮವಾದ ಭೇದವನ್ನು ಮಾಡಿತು. ಸಾಮಾನ್ಯ ವಸ್ತುಗಳಲ್ಲಿ ಅನುದ್ದಿಷ್ಟವಾಗಿ ಬಂದ ಪಾದರಸ ಹತ್ತು ಲಕ್ಷಕ್ಕೆ ಒಂದು ಭಾಗವನ್ನು ಮೀರಬಾರದು. ಕಣ್ಣಿನ ಭಾಗಕ್ಕೆ ಹಚ್ಚುವ ವಸ್ತುಗಳಲ್ಲಾದರೆ 70 ಭಾಗಗಳವರೆಗೆ ಇರಬಹುದು. ಕಣ್ಣಿನಂಥ ಕೋಮಲವಾದ ಅಂಗಕ್ಕೆ ಹೆಚ್ಚಿನ ವಿಷವೇ ಎಂದು ಬೆರಗಾಗುವುದು ಸಹಜ. ಪಾದರಸದ ಸಂಯುಕ್ತಗಳು ಕ್ರಿಮಿಗಳನ್ನು ಕೊಲ್ಲುತ್ತವೆ. ಕೆಟ್ಟುಹೋದ ಅಂಜನದಿಂದ ಕಣ್ಣಿಗೆ ಸೋಂಕು ತಗಲಿ ದೃಷ್ಟಿಯೇ ಹೋಗುವ ಭಯವನ್ನು ಈ ಪಾದರಸದ ಭಯದೊಡನೆ ತೂಗಿ ನೋಡಿ ಆ ಅಂಕಿಯನ್ನು ಇಟ್ಟರು. ಲಾಭ-ವೆಚ್ಚಗಳ ತಕ್ಕಡಿಯು ನಿಯಮದ ಅಕ್ಷರಗಳೊಳಗೇ ಇರುತ್ತದೆಂಬುದಕ್ಕೆ ಇದು ನಿದರ್ಶನ. ತಕ್ಕಡಿಯು ಒಂದೇ ಕಡೆಗೆ ನಿಲ್ಲುವುದೂ ಇಲ್ಲ: ಬೇರೆ ಸಂರಕ್ಷಕಗಳು ದೊರೆತ ಮೇಲೆ, ಪಾದರಸವನ್ನು ಕುರಿತ ಮಿನಮಾಟಾ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, ಪಾದರಸ ಬೆರೆಸಿದ ಕಾಂತಿವರ್ಧಕಗಳನ್ನೆಲ್ಲ 2025ರ ವೇಳೆಗೆ ನಿಲ್ಲಿಸಬೇಕೆಂದು ನಿರ್ಧರಿಸಿದವು.

ಸೀಸಕ್ಕೆ ಇಷ್ಟು ಬಿಗಿಯೇಕೆ? ದೇಹವು ಸೀಸವನ್ನು ಸುಣ್ಣದ ಅಂಶವೆಂದು ಭ್ರಮಿಸುತ್ತದೆ. ಸುಣ್ಣಕ್ಕೆಂದು ತೆರೆದ ಬಾಗಿಲಿನಿಂದ ಒಳಬಂದ ಸೀಸವು ಎಲುಬಿನಲ್ಲಿ ಮನೆಮಾಡಿ ಹಲವು ವರ್ಷ ಇರುತ್ತದೆ. ಬಸುರಿಯ ಎಲುಬಿನಿಂದ ಹೊರಟು ಗರ್ಭದ ಶಿಶುವನ್ನೂ ಮುಟ್ಟುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅದರಿಂದಾಗುವ ಹಾನಿಗೆ ಹೊರಗಿನ ಗುರುತಿಲ್ಲ. ಮಗು ಪಾಠದಲ್ಲಿ ಮನಸ್ಸಿಡದು, ಕಲಿತದ್ದು ನಿಲ್ಲದು, ಅಷ್ಟೆ. ರಕ್ತದಲ್ಲಿ ಇಷ್ಟು ಸೀಸವಿದ್ದರೆ ನಿರಪಾಯವೆಂದು ಹೇಳಬಹುದಾದ ಪ್ರಮಾಣವು ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ. ಅಧ್ಯಾಪಕರಾದ ನಾವು ಇದನ್ನು ಓದಿ ಸುಮ್ಮನಿರುವಂತಿಲ್ಲ. ದಡ್ಡನೆಂದು ನಾವು ಹಿಂದಿನ ಸಾಲಿಗೆ ಕೂಡ್ರಿಸಿದ ಹುಡುಗರಲ್ಲಿ ಎಷ್ಟು ಮಂದಿಯ ದಡ್ಡತನವು ಅವರದಲ್ಲವೋ ಯಾರು ಬಲ್ಲರು?

ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಒಂದು ಸ್ಥಾನವುಂಟು. ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನವು ದೇಶದ ಏಳು ನಗರಗಳಲ್ಲಿ ರಕ್ತಪರೀಕ್ಷೆ ನಡೆಯಿಸಿ 1999ರಲ್ಲಿ ಹೊರಗೆಡಹಿದ ವರದಿಯಂತೆ, 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಸೀಸವು ಆಗಿನ ಎಚ್ಚರಿಕೆಯ ಮಟ್ಟವನ್ನು ಮುಟ್ಟಿತ್ತು ಅಥವಾ ಮೀರಿತ್ತು. ಆ ಕಾರ್ಯದಲ್ಲಿ ಮುಂದಾಗಿದ್ದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶರ ಹೆಸರನ್ನು ಸೀಸದ ಪ್ರಸ್ತಾಪ ಬಂದಾಗಲೆಲ್ಲ ಕೇಳುತ್ತೇವೆ. ಆ ಸೀಸವೆಲ್ಲ ಕುಂಕುಮದ್ದಾಗಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಆಗ ಪೆಟ್ರೋಲಿನಲ್ಲಿಯೇ ಸೀಸವನ್ನು ಬೆರೆಸುತ್ತಿದ್ದರು. 2000ದಲ್ಲಿ ಅದು ದೇಶದಾದ್ಯಂತ ನಿಂತಿತು. ದೊಡ್ಡ ತೂಬು ಮುಚ್ಚಿದ ಮೇಲೆ ಸಣ್ಣ ತೂತುಗಳು ಕಣ್ಣಿಗೆ ಬೀಳುತ್ತವೆ: ಗೋಡೆಯ ಬಣ್ಣ, ಹಳೆಯ ಬ್ಯಾಟರಿ, ಸಿಂದೂರ, ಸುರ್ಮಾ. ಹರಳೆಣ್ಣೆಯ ದೀಪದ ಮಸಿಯಿಂದ ಮಾಡಿದ ನಮ್ಮ ಕಾಡಿಗೆಯು ಬರಿಯ ಇಂಗಾಲ. ಕಲ್ಲನ್ನು ಅರೆದು ಮಾಡುವ ಸುರ್ಮಾ ಅನೇಕ ವೇಳೆ ಸೀಸದ ಅದಿರೇ ಆಗಿರುತ್ತದೆ. ಕೂಸು ಕಣ್ಣುಜ್ಜಿ ಬೆರಳನ್ನು ಬಾಯಿಗಿಡುತ್ತದೆ, ಮುಂದಿನದನ್ನು ಹೇಳಬೇಕಾಗಿಲ್ಲ.

ನಿಯಮವಿಲ್ಲದ ಕಾಲದಲ್ಲಿ ಏನಾಗುತ್ತಿತ್ತೆಂಬುದಕ್ಕೆ ಅಮೆರಿಕದ ಒಂದು ಪ್ರಕರಣವನ್ನು ನೋಡಬಹುದು. 1933ರ ಸುಮಾರಿಗೆ ಅಲ್ಲಿ ‘ಲ್ಯಾಶ್ ಲ್ಯೂರ್’ ಎಂಬ ರೆಪ್ಪೆಗೂದಲ ಬಣ್ಣವು ಮಾರಾಟದಲ್ಲಿತ್ತು. ಕೂದಲಿಗೆ ಕಪ್ಪು ಕೊಡುವ ಪ್ಯಾರಾಫಿನಿಲೀನ್‌ಡೈಅಮೀನ್ ಎಂಬ ರಾಸಾಯನಿಕ ಅದರಲ್ಲಿತ್ತು. ಹಚ್ಚಿಕೊಂಡ ಸ್ತ್ರೀಯರಲ್ಲಿ ಹಲವರ ಕಣ್ಣುಗಳು ಹುಣ್ಣಾದವು, ದೃಷ್ಟಿ ಹೋದವರುಂಟು, ಒಬ್ಬಳು ಸತ್ತಳು. ಅಧಿಕಾರಿಗಳು ಎಲ್ಲವನ್ನೂ ಬಲ್ಲವರಾಗಿದ್ದರೂ 1906ರ ಅವರ ಕಾನೂನು ಕಾಂತಿವರ್ಧಕಗಳನ್ನು ಒಳಗೊಳ್ಳದಿದ್ದುದರಿಂದ ಆ ಬಣ್ಣವನ್ನು ಪೇಟೆಯಿಂದ ತೆಗೆಸಲು ಅಸಮರ್ಥರಾಗಿದ್ದರು. 1938ರಲ್ಲಿ ಹೊಸ ಕಾನೂನು ಬಂದ ಮೇಲೆಯೇ ಅದು ಮುಟ್ಟುಗೋಲಾಯಿತು. ಏಳು ಸಮುದ್ರದಾಚೆಯ ಈ ಕಥೆಗೂ ನಾಲತವಾಡಕ್ಕೂ ಏನು ಸಂಬಂಧ? ನಮ್ಮ ಪೇಟೆಯ ಕಿರಾಣಿ ಅಂಗಡಿಯಲ್ಲಿ ಸಿಗುವ ಕೂದಲ ಬಣ್ಣದ ಪೊಟ್ಟಣವನ್ನು ತಿರುವಿ ನೋಡಿರಿ. ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು. ರೆಪ್ಪೆಗೂ ಹುಬ್ಬಿಗೂ ಹಚ್ಚಲಾಗದು, ಹಚ್ಚಿದರೆ ಕುರುಡಾಗಬಹುದು ಎಂಬ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಮುದ್ರಿಸಬೇಕೆಂದು ನಮ್ಮ ನಿಯಮವು ಆಜ್ಞಾಪಿಸುತ್ತದೆ. ಆ ಸ್ತ್ರೀಯರ ಕಣ್ಣುಗಳ ಬೆಲೆಗೆ ಕೊಂಡ ವಾಕ್ಯವದು. ಕೌಟಿಲ್ಯನ ದಾಸಿಯ ಕೆಲಸವನ್ನು ಈಗ ಕೊಂಡವರೇ ತಮ್ಮ ತೋಳಿನ ಮೇಲೆ ಮಾಡಿಕೊಳ್ಳುತ್ತಾರೆ. ಆದರೆ ಅಕ್ಷರಗಳು ಇರುವೆಯ ಕಾಲಿನಷ್ಟು ಸಣ್ಣವಾಗಿರುವುದರಿಂದ ಓದುವವರು ಯಾರೂ ಇಲ್ಲ.

ಫ್ರಾನ್ಸಿನಲ್ಲಿ 1972ರಲ್ಲಿ ಕೂಸುಗಳ ಮೈಗೆ ಹಚ್ಚುವ ಪುಡಿಯೊಂದರಲ್ಲಿ ಹೆಕ್ಸಾಕ್ಲೋರೋಫೀನ್ ಎಂಬ ಕ್ರಿಮಿನಾಶಕವು ಕಣ್ತಪ್ಪಿನಿಂದ ನೂರಕ್ಕೆ ಆರು ಭಾಗ ಬೆರೆತು 36 ಮಕ್ಕಳು ಸತ್ತವು. 1976ರ ಯುರೋಪಿನ ಕಾಂತಿವರ್ಧಕ ನಿರ್ದೇಶದ ಹಿಂದೆ ಈ ದುರಂತದ ನೆರಳಿದೆ.

ಹತ್ತಿರದ ಉದಾಹರಣೆಯೂ ಇದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನಲ್ಲಿ ಮೂತ್ರಪಿಂಡದ ವೈದ್ಯರು, 2021ರಿಂದ 2023ರವರೆಗೆ ತಮ್ಮಲ್ಲಿಗೆ ಬಂದ ಒಂದು ಅಪರೂಪದ ಬಗೆಯ ಮೂತ್ರಪಿಂಡದ ಕಾಯಿಲೆಯ 15 ಮಂದಿಯನ್ನು ವಿಚಾರಿಸಲಾಗಿ, ಅವರಲ್ಲಿ 13 ಮಂದಿ ಮೈಬಣ್ಣವನ್ನು ಬಿಳಿದಾಗಿಸುವ ಮುಲಾಮುಗಳನ್ನು ಹಚ್ಚುತ್ತಿದ್ದರೆಂದು ತಿಳಿದುಬಂತು. ಪಾದರಸವು ಚರ್ಮಕ್ಕೆ ಬಣ್ಣ ಕೊಡುವ ದ್ರವ್ಯದ ಉತ್ಪತ್ತಿಯನ್ನು ತಡೆಯುತ್ತದೆ. ಆದುದರಿಂದ ಮುಖ ಬೆಳ್ಳಗಾಗುವುದು ಸುಳ್ಳಲ್ಲ. ಅದರ ಬೆಲೆಯನ್ನು ಮೂತ್ರಪಿಂಡಗಳು ತೆರುತ್ತವೆ. ಕೇರಳದ ಔಷಧ ನಿಯಂತ್ರಣ ಇಲಾಖೆಯು 2023ರಲ್ಲಿ ‘ಆಪರೇಷನ್ ಸೌಂದರ್ಯ’ವೆಂಬ ಹೆಸರಿನಿಂದ ಅಂಗಡಿಗಳ ತಪಾಸಣೆಯನ್ನು ನಡೆಯಿಸಿತು. ನಿಯಮವು ಆಗಲೇ ಇತ್ತು, ಮಿತಿಯೂ ಇತ್ತು. ಇಲ್ಲದಿದ್ದುದು ಅಂಗಡಿಯ ಕಪಾಟಿನವರೆಗೆ ಬರುವ ಕಣ್ಣು ಮಾತ್ರ.

ನಿಯಮಗಳ ವೆಚ್ಚದ ಕಡೆಗೆ ಈಗ ತಿರುಗೋಣ. ಪ್ರಾಣಿಗಳು ತೆತ್ತ ವೆಚ್ಚವನ್ನು ಮೊದಲು ಹೇಳಿ ಮುಗಿಸುತ್ತೇನೆ. 1944ರಿಂದ ಬಳಕೆಗೆ ಬಂದ ಡ್ರೇಜ್ ಪರೀಕ್ಷೆಯಲ್ಲಿ ಮೊಲಗಳ ಕಣ್ಣಿಗೆ ವಸ್ತುವನ್ನು ಹಾಕಿ ಹುಣ್ಣಾಗುವುದೇ ಎಂದು ನೋಡುತ್ತಿದ್ದರು. ದಾಸಿಯ ಸ್ಥಾನಕ್ಕೆ ಮೊಲ ಬಂದಿತು, ಅಷ್ಟೇ ವ್ಯತ್ಯಾಸ. ಮೊಲದ ಕಣ್ಣು ಮನುಷ್ಯನ ಕಣ್ಣಲ್ಲವಾದುದರಿಂದ ಫಲಿತವೂ ಸಂದೇಹಕ್ಕೆ ಹೊರತಾಗಿರಲಿಲ್ಲ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಚರ್ಮದ ಕೋಶಗಳ ಮೇಲೆ ಪರೀಕ್ಷಿಸುವ ವಿಧಾನಗಳು ಬಂದ ಮೇಲೆ ಯುರೋಪು 2013ರಲ್ಲಿ ಪ್ರಾಣಿಪರೀಕ್ಷಿತ ಕಾಂತಿವರ್ಧಕಗಳ ಮಾರಾಟವನ್ನು ನಿಲ್ಲಿಸಿತು. ಭಾರತವು 2014ರಲ್ಲಿ ಇಂಥ ಪರೀಕ್ಷೆಯನ್ನೂ, ಹಾಗೆ ಪರೀಕ್ಷಿಸಿದ ವಸ್ತುಗಳ ಆಮದನ್ನೂ ನಿಷೇಧಿಸಿತು. ಜೀವದಯೆಯನ್ನು ಬೋಧಿಸಿದ ಶರಣರ ನಾಡಿನವರಿಗೆ ಇದು ಸಮಾಧಾನದ ಸಂಗತಿ.

ಹಣದ ವೆಚ್ಚದ ಮಾತು ಇಷ್ಟು ಸುಲಭವಾಗಿಲ್ಲ. ಪರವಾನಿಗೆ ಪಡೆದವನು ಕಚ್ಚಾ ವಸ್ತುವಿನ ಪ್ರತಿಯೊಂದು ಕಂತನ್ನೂ ಸಿದ್ಧವಸ್ತುವಿನ ಪ್ರತಿಯೊಂದು ಕಂತನ್ನೂ ಪರೀಕ್ಷಿಸಿ ದಾಖಲೆಯಿಡಬೇಕು. ಪರೀಕ್ಷೆಯ ಶುಲ್ಕವು ಕಂತಿಗೆ ಇಷ್ಟೆಂದು ಇರುತ್ತದೆಯೇ ಹೊರತು ಕಿಲೋವಿಗೆ ಇಷ್ಟೆಂದಲ್ಲ. ಒಂದು ಕಂತಿಗೆ 3000 ರೂಪಾಯಿ ತಗಲುತ್ತದೆಂದು ಕೇವಲ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಂದೇ ಸಾರಿಗೆ ಸಾವಿರ ಕಿಲೋ ಕುಂಕುಮ ಮಾಡುವ ಕಾರ್ಖಾನೆಗೆ ಅದು ಕಿಲೋಕ್ಕೆ ಮೂರು ರೂಪಾಯಿ. 50 ಗ್ರಾಂ ಪೊಟ್ಟಣಕ್ಕೆ 15 ಪೈಸೆ. ಹತ್ತು ಕಿಲೋ ಮಾಡುವ ಮಹಿಳಾ ಸಂಘಕ್ಕೆ ಅದು ಕಿಲೋಕ್ಕೆ 300 ರೂಪಾಯಿ. ಅದೇ ಪೊಟ್ಟಣಕ್ಕೆ 15 ರೂಪಾಯಿ. ನಿಯಮದ ದೃಷ್ಟಿಯಲ್ಲಿ ಇಬ್ಬರೂ ಸಮಾನರು. ಪೇಟೆಯ ದೃಷ್ಟಿಯಲ್ಲಿ ಒಬ್ಬಳು ಅಂಗಡಿ ಮುಚ್ಚಬೇಕು. ವಿಪರ್ಯಾಸವೆಂದರೆ, ಅರಿಷಿಣದಿಂದ ಮಾಡಿದ ನಿರಪಾಯವಾದ ಕುಂಕುಮವು ಬಹುಮಟ್ಟಿಗೆ ಇಂಥ ಸಣ್ಣ ಕೈಗಳಿಂದಲೇ ಬರುತ್ತದೆ. ಅವಳು ನಿಂತರೆ ಅವಳ ಸ್ಥಾನಕ್ಕೆ ಬರುವವನು ಪರವಾನಿಗೆ ಪಡೆದ ಕಾರ್ಖಾನೆಯವನಾಗಿರಬೇಕೆಂಬ ನಿಶ್ಚಯವಿಲ್ಲ. ಹೆಸರೂ ವಿಳಾಸವೂ ಇಲ್ಲದ ಚೀಲದಲ್ಲಿ ಬಟ್ಟೆಯ ಬಣ್ಣವನ್ನು ಬೆರೆಸಿ ತಂದು ಸುರಿಯುವವನೂ ಆಗಬಹುದು. ಅವನ ಕುಂಕುಮದಿಂದ ಹಣೆಯ ಮೇಲೆ ಬೊಟ್ಟಿನ ಆಕಾರದಲ್ಲಿಯೇ ಕಪ್ಪುಕಲೆಯಾದರೆ ಯಾರನ್ನು ಕೇಳುವುದು? (ಅಂಟುಬೊಟ್ಟಿನ ಅಂಟಿನಲ್ಲಿರುವ ಕೆಲವು ರಾಸಾಯನಿಕಗಳಿಂದ ಅದೇ ಜಾಗದಲ್ಲಿ ಬಿಳಿಮಚ್ಚೆಯೂ ಆಗುತ್ತದೆಂದು ಚರ್ಮವೈದ್ಯರು ಹೇಳುತ್ತಾರೆ.)

ಮೈಸೂರು ಸಂಸ್ಥಾನದ ಕಾಲದಲ್ಲಿ ಈ ಕಷ್ಟವನ್ನು ಬೇರೊಂದು ರೀತಿಯಲ್ಲಿ ಬಿಡಿಸಿದ್ದರು. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆದು, ಅದರ ಬೆನ್ನಿಗೆ ಸಾಬೂನಿನ ಉದ್ಯಮವನ್ನು ಕೈಗೊಂಡಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ ವಿಶ್ವೇಶ್ವರಯ್ಯನವರೂ ರಸಾಯನಶಾಸ್ತ್ರಜ್ಞರಾದ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿ ಆ ವಿದ್ಯೆಯನ್ನು ತರಿಸಿದರು. ಸಾಬೂನು ಕಾನೂನಿಗೆ ಒಳಪಡುವುದಕ್ಕೆ ಆರು ದಶಕಗಳಷ್ಟು ಹಿಂದಿನ ಮಾತಿದು. ವಿದ್ಯೆಯ ವೆಚ್ಚವನ್ನು ರಾಜ್ಯವು ಹೊತ್ತಿತು. ಗಂಧದ ಸಾಬೂನು ಇಂದಿಗೂ ಮನೆಮನೆಯಲ್ಲಿದೆ. ಕುಂಕುಮಕ್ಕೆ ಅಂಥ ಭಾಗ್ಯವು ಬರಲಿಲ್ಲ, ಏಕೆಂದರೆ ಅದನ್ನು ಉದ್ಯಮವೆಂದು ಯಾರೂ ಎಣಿಸಲಿಲ್ಲ.

ಹಾಗೆಂದು ಸಣ್ಣವರಿಗೆ ನಿಯಮವೇ ಬೇಡವೆನ್ನುವ ವಾದವನ್ನು ನಾನು ಒಪ್ಪಲಾರೆ. ಬಡವಳು ಮಾಡಿದ್ದೆಂಬ ಕಾರಣಕ್ಕೆ ಸೀಸವು ತನ್ನ ಗುಣವನ್ನು ಬಿಡುವುದಿಲ್ಲ. ವೆಚ್ಚಕ್ಕೆ ರಸೀದಿಯುಂಟು, ಲಾಭಕ್ಕೆ ಇಲ್ಲ: ಬಾರದೆ ಹೋದ ಕಾಯಿಲೆಯ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಆದುದರಿಂದ ಚರ್ಚೆಯಲ್ಲಿ ವೆಚ್ಚದ ಪಕ್ಷವೇ ಯಾವಾಗಲೂ ಗಟ್ಟಿಯಾಗಿ ಕೇಳಿಸುತ್ತದೆ. ಮಾಡಬೇಕಾದುದು ವೆಚ್ಚವನ್ನು ಸರಿಯಾದ ಜಾಗಕ್ಕೆ ಸರಿಸುವುದು. ವಿಷವು ಬರುವುದು ಸಾಮಾನ್ಯವಾಗಿ ಬಣ್ಣದಿಂದ. ಬಣ್ಣವು ಬರುವುದು ಕೆಲವೇ ಸಗಟು ವ್ಯಾಪಾರಿಗಳಿಂದ. ಅಲ್ಲಿಯೇ ತಡೆದರೆ ನೂರು ಮನೆಗಳ ಬಾಗಿಲನ್ನು ಬಡಿಯುವ ಕೆಲಸವಿಲ್ಲ.

ಇದು ಬರಿಯ ಆಶಯವಲ್ಲವೆಂಬುದನ್ನು ನೆರೆಯ ಬಾಂಗ್ಲಾದೇಶವು ತೋರಿಸಿದೆ. ಅಲ್ಲಿ ಅರಿಷಿಣಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಹಚ್ಚುವ ಪದ್ಧತಿಯು ಬೇರೂರಿತ್ತು. ಸಂಶೋಧಕರು ಅದನ್ನು ಬಯಲಿಗೆಳೆದ ಮೇಲೆ 2019ರಲ್ಲಿ ಅಲ್ಲಿಯ ಆಹಾರ ಸುರಕ್ಷತಾ ಪ್ರಾಧಿಕಾರವು ಪತ್ರಿಕೆಗಳಲ್ಲಿ ಎಚ್ಚರಿಕೆ ಕೊಟ್ಟು, ಕೈಯಲ್ಲಿ ಹಿಡಿದು ನೋಡುವ ಕ್ಷಕಿರಣದ ಯಂತ್ರದೊಡನೆ ಸಗಟು ಪೇಟೆಗೆ ಹೋಗಿ, ಸ್ಥಳದಲ್ಲಿಯೇ ಪರೀಕ್ಷಿಸಿ, ತಪ್ಪಿತಸ್ಥ ವ್ಯಾಪಾರಿಗಳಿಗೆ ದಂಡ ವಿಧಿಸಿತು. 2019ರಲ್ಲಿ ಪೇಟೆಯ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸವಿತ್ತು. 2020ರಲ್ಲಿ ಅದು ಐದಕ್ಕಿಳಿಯಿತು. 2021ರಲ್ಲಿ ಒಂದರಲ್ಲಿಯೂ ಸಿಗಲಿಲ್ಲ. ಗಿರಣಿಗಳ ಕೂಲಿಕಾರರ ರಕ್ತದ ಸೀಸವೂ ಇಳಿಯಿತು. ಬೆಳೆಗಾರನಿಂದ ಒಂದು ಕಾಗದವನ್ನೂ ಯಾರೂ ಕೇಳಲಿಲ್ಲ. ನಮ್ಮ ಜಾತ್ರೆಗಳಿಗೆ ಮುಂಚೆ ಜಿಲ್ಲೆಗೆ ಒಂದರಂತೆ ಇಂಥ ಯಂತ್ರವು ತಿರುಗಾಡಿದರೆ ಎಷ್ಟೋ ಕೆಲಸವಾದೀತು.

ಅದು ಬರುವವರೆಗೆ ಇರುವ ದಾರಿಗಳನ್ನಾದರೂ ಬಳಸಬಹುದು. ಪರವಾನಿಗೆಗೆ ಬೇಕಾದ ತಾಂತ್ರಿಕ ಸಿಬ್ಬಂದಿಯೆಂದರೆ ದೊಡ್ಡ ಪದವೀಧರರೇ ಆಗಬೇಕಿಲ್ಲ. ರಸಾಯನಶಾಸ್ತ್ರವನ್ನು ಒಂದು ವಿಷಯವಾಗಿ ಓದಿ ಪದವಿಪೂರ್ವ ಪರೀಕ್ಷೆಯಲ್ಲಿ ತೇರ್ಗಡೆಯಾದವರೂ ಸಲ್ಲುತ್ತಾರೆ. ಅಂಥವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಐದಾರು ಸಂಘಗಳು ಕೂಡಿ ಬಿಳಿಗಾರ, ಬಣ್ಣಗಳನ್ನು ಒಟ್ಟಾಗಿ ಕೊಂಡು, ಒಂದೇ ದೊಡ್ಡ ಕಂತಾಗಿ ತಯಾರಿಸಿದರೆ ಮೇಲೆ ಹೇಳಿದ 15 ರೂಪಾಯಿ ಎರಡು-ಮೂರಕ್ಕೆ ಇಳಿಯುತ್ತದೆ. ಧನಸಹಾಯ ಮಾಡಲಿಚ್ಛಿಸುವ ನಮ್ಮ ದಾನಿಗಳು ಕಟ್ಟಡದ ಕಲ್ಲಿನ ಮೇಲೆ ಹೆಸರು ಕೆತ್ತಿಸುವುದರ ಜೊತೆಗೆ ಇಂಥ ಒಂದು ಕಂತಿನ ಪರೀಕ್ಷಾ ಶುಲ್ಕವನ್ನೂ ಕೊಡಬಹುದು.

ಕೊಳ್ಳುವವರಿಗೂ ಒಂದು ಹಕ್ಕುಂಟು. ಅದನ್ನು ಬಲ್ಲವರು ವಿರಳ. ಅಧಿನಿಯಮದ 26ನೆಯ ಕಲಮಿನಂತೆ, ಔಷಧವನ್ನಾಗಲಿ ಕಾಂತಿವರ್ಧಕವನ್ನಾಗಲಿ ಕೊಂಡ ಯಾವ ವ್ಯಕ್ತಿಯೇ ಆಗಲಿ, ಮಾನ್ಯತೆ ಪಡೆದ ಗ್ರಾಹಕರ ಸಂಘವೇ ಆಗಲಿ, ನಿಗದಿಯಾದ ಶುಲ್ಕವನ್ನು ತೆತ್ತು ಅದನ್ನು ಸರ್ಕಾರಿ ವಿಶ್ಲೇಷಕರಿಗೆ ಒಪ್ಪಿಸಿ, ಅವರ ರುಜು ಇರುವ ವರದಿಯನ್ನು ಪಡೆಯಬಹುದು. ಸರ್ಕಾರದ ಔಷಧ ಪರೀಕ್ಷಾಲಯವು ಬೆಂಗಳೂರಿನಲ್ಲಿಯೂ, ನಮ್ಮ ಕಡೆಯವರಿಗೆ ಸಮೀಪವಾಗುವಂತೆ ಹುಬ್ಬಳ್ಳಿಯಲ್ಲಿಯೂ ಇದೆ. ಅರಿಷಿಣವು ಸುಣ್ಣಕ್ಕೆ ಕೆಂಪಾಗುವುದನ್ನು ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಮಕ್ಕಳು ವರ್ಷವೂ ನೋಡಿ ಚಪ್ಪಾಳೆ ತಟ್ಟುತ್ತಾರೆ; ಸೀಸವು ಅಲ್ಲಿ ಹಾಗೆ ಕಾಣಿಸಿಕೊಳ್ಳದು. ವಿಜ್ಞಾನದ ಅಧ್ಯಾಪಕರು ಈ ಸಲದ ಜಾತ್ರೆಯಲ್ಲಿ ಮೂರು ಅಂಗಡಿಗಳಿಂದ ಮೂರು ಪೊಟ್ಟಣ ಕುಂಕುಮವನ್ನು ಕೊಂಡು, ರಸೀದಿ ಕೇಳಿ ಪಡೆದು, ಪೊಟ್ಟಣವನ್ನು ಬಿಚ್ಚದೆ ಹುಬ್ಬಳ್ಳಿಗೆ ಕಳುಹಿಸುವುದಾದರೆ ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.